ರಣಹದ್ದಿನ ಮೂಳೆ, ಅಪ್ಪನ ಪಿಂಡ

ಪುಣೆಯ ಹಳೆಯದೊಂದು ವಸ್ತುಸಂಗ್ರಹಾಲಯದಲ್ಲಿ ಹಕ್ಕಿಗಳ ಮೂಳೆ ಪಟ್ಟಿ ಮಾಡುವುದು ಇಂದೂ ಜಾಲಿಹಾಳಳ ಕೆಲಸ. ಸಣ್ಣ ನಿಬ್ಬಿನಿಂದ ಮೂಳೆಯ ಮೇಲೆಯೇ ಸಂಖ್ಯೆ ಬರೆಯಬೇಕು; ಕಾರ್ಡಿನಲ್ಲಿ ಜಾತಿ, ಊರು, ಸಾವಿನ ಕಾರಣ. ಕೊಕ್ಕರೆ, ಗೂಬೆಗಳೆಲ್ಲ ಸುಮ್ಮನೆ ಬರೆಸಿಕೊಂಡವು. ರಣಹದ್ದುಗಳ ಪೆಟ್ಟಿಗೆ ತೆರೆದಾಗ ಮಾತ್ರ ಸಾವಿನ ಕಾರಣದ ಸಾಲಿಗೆ ಬಂದು ನಿಬ್ಬು ಕೆಳಗಿಟ್ಟಳು. ಅವನ್ನು ಎಷ್ಟೋ ವರ್ಷಗಳ ಹಿಂದೆ ಬಾರಾಮತಿ ಕಡೆಯಿಂದ ತಂದುಕೊಟ್ಟವರು ಅವಳ ಅಪ್ಪ.

ಅಪ್ಪ ಅಲ್ಲಿ ದನದ ಡಾಕ್ಟರು. ನರಳುವ ಮುದಿ ಎಮ್ಮೆಗಳಿಗೆ ನೋವಿನ ಇಂಜೆಕ್ಷನ್ ಚುಚ್ಚಿದರು. ಆ ಔಷಧಿ ಮೈಯಲ್ಲಿ ಉಳಿದೇ ಸತ್ತ ಎಮ್ಮೆ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು, ಕತ್ತು ಜೋತು, ಮರದಿಂದ ಉದುರಿದವು. ಔಷಧಿ ಮಾಡಿದವರು, ಮಾರಿದವರು, ಕಣ್ಣು ಮುಚ್ಚಿ ಕೂತ ಸಾಹೇಬರು, ಯಾರ ನಿದ್ದೆಯೂ ಕೆಡಲಿಲ್ಲ. ಕೆಟ್ಟದ್ದು ಚುಚ್ಚಿದವನದು. ಕೊನೆಗೆ ಹಾಸಿಗೆ ಹಿಡಿದಾಗಲೂ ಅಪ್ಪನದು ಒಂದೇ ಮಾತು: "ಇಂದೂ, ಕಾರ್ಡಿನ್ಯಾಗ ಖರೇ ಬರಿಯವ್ವಾ."

ಮೇಲಧಿಕಾರಿ ಮಧುಕರ, ಬೆಳಗಾವಿಯವರು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಕಾರಣ ತಿಳಿದಿಲ್ಲ ಅಂತ ಬರದ ಬಿಡ್ರಿ, ಇಂದೂತಾಯಿ. ಹೋಗೋ ಹೊತ್ನ್ಯಾಗ ಹಿರ್ಯಾರ ಹೆಸರಿಗೆ ಮಸಿ ಯಾಕ?"

ಹಾಗೇ ಬರೆದಳು. ಆ ವಾರವೇ ಅಪ್ಪ ಹೋದರು.

ಅಂದಿನಿಂದ ಆ ಟೊಳ್ಳು ಮೂಳೆಗಳು ಅವಳ ಬೆನ್ನು ಬಿಡಲಿಲ್ಲ. ಮನೆಯಲ್ಲಿ ಶೇಂಗಾ ಸುಲಿದರೆ ರೆಕ್ಕೆಯ ಮೂಳೆ ಕಟಕಟ ಎಂದಂತೆ. ಫ್ಯಾನು ತಿರುಗಿದರೆ ಏನೋ ದೊಡ್ಡದು ಮೇಲಿನಿಂದ ಇಳಿದಂತೆ.

ಹತ್ತನೆಯ ದಿನ ಹೊಳೆದಂಡೆಯಲ್ಲಿ ಪಿಂಡ ಇಟ್ಟರು. ಮರದ ತುಂಬ ಕಾಗೆ, ಒಂದೂ ಇಳಿಯಲಿಲ್ಲ. ಸತ್ತವರಿಗೆ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ. ಉಳಿದವರು ಮಾತು ಕೊಡಬೇಕು. ಸೋದರತ್ತೆ ಕಮಲಮ್ಮ ಕೈಮುಗಿದಳು: "ಅಣ್ಣಾ, ಇಂದೂನ ಲಗ್ನಾ ನಾ ಮಾಡಸ್ತೇನಿ, ಬಾರಪಾ!" ಕಾಗೆ ಕೊಕ್ಕು ತಿಕ್ಕಿಕೊಂಡಿತು. "ಖಾರದ ಬಾಕರವಡಿ ಅಂದ್ರ ಜೀವಾ ಬಿಡ್ತಿದ್ದಾ, ತಂದ ಇಡ್ರಿ," ಎಂದರು ಯಾರೋ. ಇಟ್ಟರು. ಊಹೂಂ.

ಬಿಸಿಲೇರಿತು. ಇಂದೂ ಮುಂದೆ ಬಂದಳು. "ಅಪ್ಪಾ, ಸುಳ್ಳ ಬರದೀನಿ. ಅದನ್ನ ತಗೀತೀನಿ. ನಿನ್ನ ಇಂಜೆಕ್ಷನ್ನಿಂದ ಸತ್ತಾವು ಅಂತ ನಿನ್ನ ಹೆಸರ ಹಾಕೇ ಬರೀತೀನಿ."

"ಹುಚ್ಚಿ, ಸತ್ತಾವನ ಮುಂದ ಆಡೋ ಮಾತೇನ ಇದು?" ಅತ್ತೆ ಗದರುವಷ್ಟರಲ್ಲಿ ಕಾಗೆಯೊಂದು ಇಳಿದು ಪಿಂಡ ಕುಕ್ಕಿತು.

ಆ ಔಷಧಿ ಮಾರಿದವರ ಪಿಂಡಕ್ಕೆ ಕಾಗೆ ಇಷ್ಟು ಕಾಯಿಸುವುದಿಲ್ಲ, ಬಿಡಿ. ಕಾಯಿಸಲು ಸತ್ತವರ ಒಳಗೇನಾದರೂ ಕುಟುಕುತ್ತಿರಬೇಕಲ್ಲ.

ಸೂತಕ ಕಳೆದ ಮೇಲೆ ಇಂದೂ ಕಾರ್ಡಿನ ಸುಳ್ಳನ್ನು ಬ್ಲೇಡಿನಿಂದ ಕೆರೆದು, ಕೊಟ್ಟ ಮಾತಿನಂತೆ ಬರೆದಳು. ಶೇಂಗಾ ಸುಲಿಯುವಾಗ ಆ ಕಟಕಟ ಮಾತ್ರ ಈಗಲೂ ಕೇಳುತ್ತದೆ. ಖರೇ ಬರೆದ ಮಾತ್ರಕ್ಕೆ ಹದ್ದುಗಳು ಎದ್ದು ಬರುವುದಿಲ್ಲವಲ್ಲ.