ಹೆಣ್ಣು ನೋಡಲು ಬಂದ ಸಿಸ್ಟರ್

ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ಹುಮನಾಬಾದಿನ ಕಾಲೇಜಿಗೆ ಡಿಗ್ರಿ ಸೇರಿದ ವರ್ಷ, ದುಬಲಗುಂಡಿಯಿಂದ ಹೋಗುವ ಬಸ್ಸಿನಲ್ಲಿ ಸೀಟಿಗಾಗಿ ನಾನು ಜಗಳವಾಡದ ದಿನ ಕಡಿಮೆ. ಅಂಥವಳು ಆ ಚಳಿಗಾಲದಲ್ಲಿ ಸೀಟು ಖಾಲಿಯಿದ್ದರೂ ಕೂಡದೆ ನಿಂತೇ ಹೋಗತೊಡಗಿದೆ. ಯಾಕೆಂದು ಕೇಳಿದರೆ ಏನು ಹೇಳಲಿ, ನನಗೇ ಗೊತ್ತಿರಲಿಲ್ಲ. ನಿದ್ದೆ ಹೋಯಿತು, ಊಟ ಸೇರದಾಯಿತು, ಪುಸ್ತಕ ತೆರೆದರೆ ಒಂದೇ ಸಾಲನ್ನು ಮತ್ತೆ ಮತ್ತೆ ನೋಡುತ್ತಾ ಕೂತಿರುತ್ತಿದ್ದೆ. ಮನೆಯಲ್ಲಿ ಜಗಳವಾಡುವುದನ್ನೂ ಬಿಟ್ಟೆ. ಅವ್ವ ಹೆದರಿದ್ದು ಅದಕ್ಕೇ.

ಆಗ ನಮ್ಮ ಕಾಲೇಜಿಗೆ ದವಾಖಾನೆಯಿಂದ ವಾರಕ್ಕೊಮ್ಮೆ ಒಬ್ಬ ಸಿಸ್ಟರ್ ಬರುತ್ತಿದ್ದರು. ಓದುವ ಮಕ್ಕಳ ಮನಸ್ಸಿನ ಆರೋಗ್ಯ ನೋಡಿಕೊಳ್ಳಬೇಕೆಂದು ನರ್ಸುಗಳೇ ಸೇರಿ ಶುರು ಮಾಡಿದ ಕೆಲಸ ಅದು. ಮೊದಲು ಲೈಬ್ರರಿ ಪಕ್ಕದ ಕೋಣೆಗೆ ‘ಮಾನಸಿಕ ಆರೋಗ್ಯ’ ಎಂದು ಬೋರ್ಡು ಹಾಕಿದ್ದರಂತೆ. ಒಂದು ನರಪಿಳ್ಳೆಯೂ ಒಳಗೆ ಕಾಲಿಡಲಿಲ್ಲ. ಆ ಬಾಗಿಲು ದಾಟಿದವರನ್ನು ಹುಚ್ಚರೆಂದು ಕರೆಯಲು ನಮ್ಮ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ತಯಾರಾಗಿ ನಿಂತಿದ್ದರು. ಸಿಸ್ಟರ್ ಬೋರ್ಡು ತೆಗೆಸಿ, ಟೇಬಲ್ಲಿನ ಮೇಲೆ ಬಿ.ಪಿ. ಮಷೀನು ತಂದಿಟ್ಟರು. ಬಿ.ಪಿ. ನೋಡುತ್ತಾರೆಂದರೆ ನಮ್ಮ ಕಡೆ ಯಾರು ಬಿಡುತ್ತಾರೆ? ಪ್ಯೂನ್ ಕೂಡ ಅಂಗಿ ತೋಳು ಮಡಚಿ ಸಾಲಿನಲ್ಲಿ ನಿಂತ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಎದ್ದು ಓಡಲಾಗದಂತೆ ಕೂಡಿಸಿಕೊಂಡು, ಊಟ ಸೇರುತ್ತದಾ, ನಿದ್ದೆ ಬರುತ್ತದಾ, ಮನೆಯಲ್ಲಿ ಎಲ್ಲ ಹೇಗಿದ್ದಾರೆ ಎಂದು ಮೆಲ್ಲಗೆ ಕೇಳುತ್ತಿದ್ದರು.

ನಾನು ಹೋದದ್ದು ಕ್ಲಾಸು ತಪ್ಪಿಸಲು. ಬಿ.ಪಿ. ಸರಿಯಾಗೇ ಇತ್ತು, ಆದರೂ ಸಿಸ್ಟರ್ ಪಟ್ಟಿ ಬಿಚ್ಚಲಿಲ್ಲ. ಎಷ್ಟು ದಿನದಿಂದ ನಿದ್ದೆಯಿಲ್ಲ ಎಂದು ಕೇಳಿದರು. ನನಗೆ ಅಳು ಉಕ್ಕಿ ಬಂತು. ಮುಂದಿನ ವಾರ ಅವ್ವನನ್ನು ಕರೆದುಕೊಂಡು ಬಾ, ಡಾಕ್ಟರ ಹತ್ತಿರ ನಾನೇ ಕರೆದೊಯ್ಯುತ್ತೇನೆ ಎಂದರು. ಹೂಂ ಎಂದು ತಲೆಯಾಡಿಸಿ ಬಂದವಳು ಆಮೇಲೆ ಕಾಲೇಜಿಗೆ ಹೋಗಲೇ ಇಲ್ಲ. ಬೆಳಿಗ್ಗೆ ಏಳುವುದೇ ದೊಡ್ಡ ಕೆಲಸವಾಗಿತ್ತು.

ಮನೆಯಲ್ಲಿ ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಕೊನೆಗೆ ಅಪ್ಪನ ಅಕ್ಕ, ನಮ್ಮ ಅತ್ತೆ, ಮೋರಖಂಡಿಯಿಂದ ಬಂದು ಫೈಸಲಾ ಕೊಟ್ಟಳು. ಮದುವೆ ಮಾಡಿದರೆ ಎಲ್ಲ ಸುಧಾರಿಸುತ್ತದೆ. ಬಸವಕಲ್ಯಾಣದಲ್ಲಿ ಕಿರಾಣಿ ಅಂಗಡಿಯವರ ಒಂದು ಮನೆತನವನ್ನೂ ಅವಳೇ ಹುಡುಕಿದಳು. ಹುಡುಗನ ಕಡೆಯ ಹೆಂಗಸರು ಮೊದಲು ಬಂದು ಹೆಣ್ಣು ನೋಡುವುದೆಂದಾಯಿತು. ಅವರ ಮುಂದೆ ನನ್ನ ನಿದ್ದೆಯ ಮಾತು ಯಾರೂ ಎತ್ತಬಾರದೆಂದು ಅತ್ತೆ ಎಲ್ಲರಿಗೂ ತಾಕೀತು ಮಾಡಿದಳು. ನಾನು ಬೇಡ ಎನ್ನಲಿಲ್ಲ. ಬೇಡ ಎನ್ನಲೂ ತ್ರಾಣ ಬೇಕಲ್ಲ.

ನನ್ನ ದೈವವೋ ಏನೋ, ಸಿಸ್ಟರ್ ನನ್ನನ್ನು ಹುಡುಕಿಕೊಂಡು ದುಬಲಗುಂಡಿಗೆ ಬಂದದ್ದೂ ಅದೇ ದಿನ. ಮನೆಗಳಿಗೆ ಹೋಗುವಾಗ ಅವರು ದವಾಖಾನೆಯ ಬಿಳಿ ಡ್ರೆಸ್ಸು ಹಾಕುತ್ತಿರಲಿಲ್ಲ. ನರ್ಸು ಬಂದಿದ್ದಾಳೆಂದು ಓಣಿಗೆ ಗೊತ್ತಾದರೆ ಆ ಮನೆಯ ಮಕ್ಕಳಿಗೇ ಕಷ್ಟ. ಅದಕ್ಕೆ ಒಳ್ಳೆಯ ಸೀರೆ ಉಟ್ಟು, ಬೀಗರ ಮನೆಗೆ ಹೊರಟವರ ಹಾಗೆ ಹೋಗುವುದು ಅವರ ರೂಢಿ. ಜೊತೆಗೆ ಕೆಲಸ ಕಲಿಯುತ್ತಿದ್ದ ಒಬ್ಬ ಕಿರಿಯ ನರ್ಸು. ಬಸ್ಸಿನಿಂದ ಇಳಿದು ನಮ್ಮ ಮನೆ ಯಾವುದೆಂದು ಕೇಳಿದ್ದು, ಗಂಡಿನ ಕಡೆಯವರನ್ನು ಕಾಯುತ್ತಾ ಅಲ್ಲೇ ನಿಂತಿದ್ದ ನಮ್ಮಪ್ಪನನ್ನೇ. ಕಲ್ಯಾಣದವರೇನ್ರಿ ಎಂದು ಅಪ್ಪ ಕೇಳಿದ. ಸಿಸ್ಟರ್ ಮನೆ ಇದ್ದದ್ದು ಬಸವಕಲ್ಯಾಣದಲ್ಲೇ, ದಿನಾ ಅಲ್ಲಿಂದ ಹುಮನಾಬಾದಿಗೆ ಓಡಾಡುತ್ತಿದ್ದರು. ಹೌದೆಂದರು. ಮುಗಿಯಿತಲ್ಲ, ಅಪ್ಪ ಹೆಗಲ ಟವಲು ಸರಿಮಾಡಿಕೊಂಡು ಮುಂದೆ ಮುಂದೆ ನಡೆದ.

ನಾನು ಅವ್ವನ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು, ಶಿರಾದ ತಾಟು ಹಿಡಿದು ಪಡಸಾಲೆಗೆ ಬಂದೆ. ಮುಖ ಎತ್ತಿದರೆ ಎದುರಿಗೆ ಸಿಸ್ಟರ್ ಕೂತಿದ್ದಾರೆ. ತಾಟು ಅವರ ಮುಂದಿಟ್ಟು ತಲೆ ತಗ್ಗಿಸಿ ಕೂತೆ. ಅವರೂ ನನ್ನ ಅವತಾರ ನೋಡಿ ತಬ್ಬಿಬ್ಬಾದರು, ಮನೆಯಲ್ಲಿ ಏನೋ ಕಾರ್ಯವಿದೆ ಎಂದುಕೊಂಡರಂತೆ. ಎಲ್ಲಿಂದ ಬಂದೆವೆಂದು ಮೊದಲೇ ಹೇಳಿದರೆ ಮನೆಯವರು ಬಾಯಿ ಬಿಡುವುದಿಲ್ಲ, ಮೊದಲು ಚಹಾ ಕುಡಿಯಬೇಕು, ಆಮೇಲೆ ವಿಷಯ ಎಂಬುದು ಅವರ ಪದ್ಧತಿ. ಹಾಗಾಗಿ ಸುಮ್ಮನೆ ವಿಚಾರಿಸತೊಡಗಿದರು.

ಮಗಳು ಊಟ ಮಾಡುತ್ತಾಳಾ ಎಂದು ಕೇಳಿದರು. ಬಡಿಸಿದ್ದೆಲ್ಲ ಉಣ್ಣುತ್ತಾಳೆ ಎಂದಳು ಅತ್ತೆ. ಕಾಲೇಜು? ಒಂದು ದಿನವೂ ತಪ್ಪಿಸಿಲ್ಲ. ನಿದ್ದೆ? ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕು, ದಿಂಬಿಗೆ ತಲೆ ಕೊಟ್ಟರೆ ಲೋಕದ ಖಬರೇ ಇರುವುದಿಲ್ಲ ಎಂದಳು. ಸಿಸ್ಟರ್ ಮುಖ ಸಣ್ಣದಾಗುತ್ತಾ ಹೋಯಿತು. ಬೇನೆ ಮುಚ್ಚಿಡುವ ಮನೆಗಳನ್ನು ಅವರು ಬೇಕಾದಷ್ಟು ನೋಡಿದ್ದರು. ಇಷ್ಟು ಖುಷಿಯಿಂದ, ಶಿರಾ ತಿನ್ನಿಸಿ ಮುಚ್ಚಿಡುವವರನ್ನು ನೋಡಿರಲಿಲ್ಲ. ಅವ್ವ ಗೋಡೆಗೆ ಒರಗಿ ನಿಂತಿದ್ದಳು.

ಸಿಸ್ಟರ್ ಚಹಾದ ಕಪ್ಪು ಕೆಳಗಿಟ್ಟರು. ಅವರು ಎದ್ದು ಹೋದರೆ ನನ್ನನ್ನು ಇದೇ ಸೀರೆಯಲ್ಲಿ ಇನ್ನೊಂದು ಮನೆಗೆ ಕಳಿಸುತ್ತಾರೆ, ಅಲ್ಲಿ ನನ್ನ ನಿದ್ದೆಯ ಬಗ್ಗೆ ಕೇಳುವವರೂ ಇರುವುದಿಲ್ಲ, ನಾನು ಉಳಿಯುವುದಿಲ್ಲ ಎಂದು ಖಾತ್ರಿಯಾಯಿತು. ಎಷ್ಟೋ ದಿನದಿಂದ ಬಾರದಿದ್ದ ಸಿಟ್ಟು ಬಂತು.

“ಎಲ್ಲಾ ಸುಳ್ಳದ್ರಿ,” ಎಂದೆ. “ನನಗ ನಿದ್ದಿ ಬರಂಗಿಲ್ಲ. ಊಟ ಸೇರಂಗಿಲ್ಲ. ಬದುಕೂದೇ ಬ್ಯಾಡ ಅನಸಾಕತ್ತದ.”

ಅತ್ತೆ ಹಣೆ ಬಡಿದುಕೊಂಡಳು. ಹುಡುಗಿ ತಮಾಷೆ ಮಾಡುತ್ತಿದ್ದಾಳೆ, ಹೊಟ್ಟೆಗೆ ಹಾಕಿಕೊಳ್ಳಿ, ಹುಡುಗನ ಮನೆಯಲ್ಲಿ ಹೇಳಬೇಡಿ ಎಂದು ಸಿಸ್ಟರಿಗೆ ಕೈ ಮುಗಿದಳು. ಯಾವ ಹುಡುಗ ಎಂದರು ಸಿಸ್ಟರ್. ಆಗಲೇ ಎಲ್ಲರಿಗೂ ಎಲ್ಲವೂ ಹೊಳೆದದ್ದು. ತಾವು ದವಾಖಾನೆಯಿಂದ ಬಂದವರೆಂದು ಅವರು ಹೇಳಿದಾಗ ಅಪ್ಪ ಟವಲಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟ. ಕಿರಿಯ ನರ್ಸಿಗೆ ನಗು ತಡೆಯಲಾಗದೆ ಶಿರಾ ಗಂಟಲಿಗೆ ಸಿಕ್ಕಿತು.

ಅವ್ವ ಗೋಡೆ ಬಿಟ್ಟು ಬಂದು ಸಿಸ್ಟರ್ ಮುಂದೆ ಕೂತಳು. ಖರೇನೇ ದವಾಖಾನೆಯವರಾ ಎಂದು ಇನ್ನೊಮ್ಮೆ ಕೇಳಿದಳು. ಆಮೇಲೆ ಹೇಳತೊಡಗಿದಳು. ನಾನು ತಾಟಿನಲ್ಲಿ ಎಷ್ಟು ಬಿಡುತ್ತೇನೆ, ಯಾವ ಮಾತಿಗೆ ಕಣ್ಣು ತುಂಬಿಕೊಳ್ಳುತ್ತೇನೆ, ಎಲ್ಲ. ಚಳಿಯ ನೆಪ ಹೇಳಿ ನನ್ನ ಕೌದಿಯೊಳಗೇ ಮಲಗುತ್ತಿದ್ದವಳು, ನನ್ನ ಓಢಣಿಯ ಚುಂಗನ್ನು ತನ್ನ ಮುಂಗೈಗೆ ಗಂಟು ಹಾಕಿಕೊಳ್ಳುತ್ತಿದ್ದಳಂತೆ. ನಾನು ಎದ್ದು ಎಲ್ಲಾದರೂ ಹೊರಟರೆ ಗೊತ್ತಾಗಲೆಂದು. ಮನೆಯಲ್ಲಿ ಎಚ್ಚರವಿರುವವಳು ನಾನೊಬ್ಬಳೇ ಎಂದು ನಾನು ತಿಳಿದಿದ್ದೆ.

ಸಿಸ್ಟರ್ ಅವ್ವನ ಕೈ ಹಿಡಿದುಕೊಂಡರು. ಇದೂ ಒಂದು ಬೇನೆಯೇ, ಇದಕ್ಕೂ ಔಷಧವಿದೆ, ನಾಳೆ ಡಾಕ್ಟರು ಹುಮನಾಬಾದಿಗೆ ಬರುತ್ತಾರೆ, ನಾನೇ ಬಾಗಿಲಲ್ಲಿ ನಿಂತಿರುತ್ತೇನೆ, ಅಲ್ಲಿಯವರೆಗೆ ಇವಳನ್ನು ಒಂಟಿಯಾಗಿ ಬಿಡಬೇಡಿ ಎಂದರು.

ಅಷ್ಟರಲ್ಲಿ ಓಣಿಯಲ್ಲಿ ಕಾರಿನ ಹಾರ್ನ್ ಕೇಳಿತು. ನಿಜವಾದ ಕಲ್ಯಾಣದವರು ಬಂದಿದ್ದರು. ಅಕ್ಕಪಕ್ಕದವರೆಲ್ಲ ಕಟ್ಟೆಗೆ ಬಂದು ನಿಂತರು. ಅತ್ತೆ ತಟ್ಟನೆ ಚುರುಕಾದಳು. ಇವರಿಬ್ಬರೂ ಹಿತ್ತಲ ಕಡೆಯಿಂದ ಹೋಗಲಿ, ಹುಡುಗಿ ಮುಖ ತೊಳೆಯಲಿ, ಒಂದು ತಾಸು ಎಲ್ಲರೂ ಸುಮ್ಮನಿದ್ದರೆ ಸುಸೂತ್ರವಾಗುತ್ತದೆ ಎಂದು ಅವ್ವನ ಕಿವಿಯಲ್ಲಿ ಉಸುರಿದಳು. ಪಾಪ, ಅವಳೂ ನನ್ನ ಒಳ್ಳೆಯದಕ್ಕೇ ಒದ್ದಾಡುತ್ತಿದ್ದಳು. ಅಪ್ಪ ಅವ್ವನ ಮುಖ ನೋಡಿದ.

ಅವ್ವ ಹೊಸ್ತಿಲಿಗೆ ಹೋಗಿ ನಿಂತಳು. ಓಣಿಯವರ ಮುಂದೆ ಎಂದೂ ದನಿ ಎತ್ತಿದವಳಲ್ಲ.

“ಬರ್ರಿ, ಚಾ ಕುಡ್ದು ಹೋಗ್ರಿ,” ಎಂದಳು. “ಆದ್ರ ನನ್ನ ಮಗಳಿಗಿ ಆರಾಮಿಲ್ಲ. ಮನಸಿಗಿ ಬ್ಯಾನಿ ಆಗ್ಯಾದ. ನಾಳಿ ದವಾಖಾನಿಗಿ ಕರ್ಕೊಂಡ ಹೊಂಟೀವಿ. ಮದ್ವಿ ಮಾತು ಈಗ ಬ್ಯಾಡ್ರಿ.”

ಬಂದವರು ಚಹಾಕ್ಕೆ ನಿಲ್ಲಲಿಲ್ಲ. ಓಣಿಯಲ್ಲಿ ಕಾರು ತಿರುಗಿಸಲು ಜಾಗವಿಲ್ಲದೆ ಹಿಂದಕ್ಕೇ ಹೋಗಬೇಕಾಯಿತು, ಊರವರಿಗೆ ನೋಡಲು ಸಾಕಷ್ಟು ಪುರಸತ್ತು ಸಿಕ್ಕಿತು. ಅತ್ತೆ ಮುಖ ಊದಿಸಿಕೊಂಡು ಅಡುಗೆಮನೆ ಸೇರಿದಳು.

ಅವ್ವ ಒಳಗೆ ಬಂದು ನನ್ನ ಹಿಂದೆ ಕೂತು ತಲೆಯ ಹೂ ತೆಗೆಯತೊಡಗಿದಳು. ಈಗ ಇಡೀ ಊರಿಗೆ ಗೊತ್ತಾಯಿತಲ್ಲ ಅವ್ವಾ ಎಂದೆ.

“ಗೊತ್ತಾಗ್ಲಿ,” ಎಂದಳು. “ನೀ ಇರು, ಸಾಕು.”