ಸೊಳ್ಳೆಯ ಹದಿನೆಂಟನೇ ಕಾಳಗ

ಕಡ್ಡಿಯಂಥ ಮೈಯಿಂದ ಸೊಳ್ಳೆ ಎನಿಸಿಕೊಂಡ ಆಸಾಮಿ ಬಾಕ್ಸಿಂಗ್ ಕಣದಲ್ಲಿ ಹದಿನೇಳು ಬಾರಿ ಕಾದಾಡಿ ಹದಿನೇಳು ಬಾರಿಯೂ ಅಂಗಾತ ಬಿದ್ದವನು. ಮೂಗು ಮೂರು ಸಲ ಮುರಿದಿತ್ತು; ನಾಲ್ಕನೆಯ ಸಲಕ್ಕೆ ಅದರಲ್ಲಿ ಮುರಿಯಲು ಏನೂ ಉಳಿದಿರಲಿಲ್ಲ. ಹೆಂಡತಿಯ ಮಾತಿಗೆ ಮಣಿದು ಗ್ಲೌಸು ಬಿಚ್ಚಿಟ್ಟವನು ಅದೇ ಜಿಮ್ಮಿನ ಮೂಲೆಯ ಕಂಪ್ಯೂಟರಿಗೆ ಒಡೆಯನಾದ. ಪಂದ್ಯಗಳ ವಿಡಿಯೋ ಎಲ್ಲ ಅದರೊಳಗೆ. ಒಂದು ಡಿಸ್ಕ್ ಸತ್ತರೂ ಮಿಕ್ಕೆರಡು ಸೇರಿ ಕಥೆ ಪೂರ್ತಿ ಹೇಳುವ ಹಾಗೆ ಮೂರು ಡಿಸ್ಕುಗಳನ್ನು ಒಂದು ಕೂಟವಾಗಿ ಕಟ್ಟಿದ್ದ. ಮೊದಲ ದಿನ ಕಟ್ಟಿದ ಕಮಾಂಡನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಯೂ ಇದ್ದ, ಹೆಮ್ಮೆಗೆ.

ಶನಿವಾರ ಸಂಜೆ ಅಲ್ಲಿ ಮಹಾಯುದ್ಧವೇ ನಡೆಯಿತು. ಮೊದಲ ಪಂದ್ಯದಲ್ಲಿ ಒಬ್ಬ ದಢೂತಿ ಹಗ್ಗ ದಾಟಿ ಹಾರಿ ಸೊಳ್ಳೆಯ ಮೇಜಿನ ಮೇಲೆ ಬಿದ್ದು, ಎರಡು ಹಲ್ಲು ಅಲ್ಲೇ ಬಿಟ್ಟು ಎದ್ದುಹೋದ. ಕೊನೆಯ ಪಂದ್ಯ ಸೊಳ್ಳೆಯ ಅಕ್ಕನ ಮಗಳದು. ಪಂದ್ಯ ಮುಗಿದ ಗಂಟೆ ಹೊಡೆದದ್ದೇ ತಡ, ಎರಡೂ ಕಡೆಯವರು ಕಣಕ್ಕೆ ನುಗ್ಗಿದರು. ಸ್ಟೂಲು ಹಾರಿತು, ಹುಬ್ಬು ಹರಿಯಿತು, ತೀರ್ಪುಗಾರನ ಅಂಗಿ ಎರಡು ಹೋಳಾಯಿತು, ಯಾರದೋ ಕಾಲಿಗೆ ಸಿಕ್ಕಿ ಕಂಪ್ಯೂಟರಿನ ಕರೆಂಟು ಕಿತ್ತುಬಂತು. ಧೂಳು ಅಡಗಿದಾಗ ಎದುರಾಳಿ ಕಡೆಯ ಕೋಚ್, ಬೀರುವಿನಂಥ ಆಳು, ದವಡೆ ಮುರಿದು ಮಲಗಿದ್ದ. ಎಚ್ಚರವಾದಾಗ ಅವನಿಗೆ ನೆನಪಿದ್ದದ್ದು ಎದುರಿಗಿದ್ದ ಹುಡುಗಿ ಮಾತ್ರ. ಗಂಟೆಯಾದ ಮೇಲೆ ಹೊಡೆದವಳು ಅವಳೇ ಎಂದು ದೂರು ಕೊಟ್ಟ. ಸೋಮವಾರ ಹನ್ನೊಂದಕ್ಕೆ ಬಾಕ್ಸಿಂಗ್ ಸಂಘದ ವಿಚಾರಣೆ. ವಿಡಿಯೋ ಇಲ್ಲದಿದ್ದರೆ ಹುಡುಗಿಯ ಲೈಸೆನ್ಸು ಶಾಶ್ವತವಾಗಿ ರದ್ದು.

ಸೋಮವಾರ ಒಂಬತ್ತಕ್ಕೆ ಗುಂಡಿ ಒತ್ತಿದರೆ ಕಂಪ್ಯೂಟರು ಅರ್ಧಕ್ಕೇ ನಿಂತಿತು. ಡಿಸ್ಕುಗಳ ಕೂಟ ಕೂಡಲಿಲ್ಲವೆಂದು ಒಂದು ಸಾಲು, ಆಮೇಲೆ ಮೌನ. ಜಿಮ್ಮಿನ ಕೋಚ್ ಅದಕ್ಕೆ ಎರಡು ಒದ್ದ. ಕಂಪ್ಯೂಟರು ಜಗ್ಗಲಿಲ್ಲ.

ಅಕ್ಕನ ಮಗಳು ಬಾಗಿಲಲ್ಲೇ ನಿಂತಿದ್ದಳು. "ಮಾವ, ಅದು ನಾನಲ್ಲ."

"ಗೊತ್ತು ಕಣೇ."

ಹೇಗೆ ಗೊತ್ತು ಎಂದು ಅವಳು ಕೇಳಿದ್ದಕ್ಕೆ ಸೊಳ್ಳೆ ಕಂಪ್ಯೂಟರಿನ ಹಿಂದೆ ತಲೆ ತೂರಿಸಿದ. ಒಂದು ಡಿಸ್ಕಿನ ಕೇಬಲ್ ಸಡಿಲವಾಗಿತ್ತು. ಒತ್ತಿ ಕೂರಿಸಿ ಮೂರೂ ಡಿಸ್ಕುಗಳ ಜಾತಕವನ್ನು ತೆರೆಯ ಮೇಲೆ ತೆಗೆಸಿದ. ಕೂಟದಲ್ಲಿ ಏನೇ ಬದಲಾದರೂ ಪ್ರತಿ ಡಿಸ್ಕು ಒಂದು ಎಣಿಕೆ ಏರಿಸಿಕೊಳ್ಳುತ್ತದೆ. ಎರಡರ ಎಣಿಕೆ ಸಮ. ಮೂರನೆಯದು ಬಹಳ ಹಿಂದೆ. ದಢೂತಿ ಬಿದ್ದ ಕ್ಷಣಕ್ಕೇ ಅದು ಮೂರ್ಛೆ ಹೋಗಿತ್ತು, ಆಮೇಲಿನ ಯುದ್ಧ ಕಂಡೇ ಇರಲಿಲ್ಲ. ಮಿಕ್ಕೆರಡು ಬರೆಯುತ್ತಿದ್ದಾಗಲೇ ಕರೆಂಟು ಹೋಗಿತ್ತು. ಒಬ್ಬ ಕಮ್ಮಿ, ಬರಹ ಅರ್ಧ. ಇಂಥ ಕೂಟವನ್ನು ತಾನಾಗಿ ಎಬ್ಬಿಸುವುದಿಲ್ಲವೆಂದು ಕಂಪ್ಯೂಟರು ಹಠ ಹಿಡಿದಿತ್ತು.

ಕೋಚ್ ಗೋಡೆಯ ಚೀಟಿ ಕಿತ್ತು ಕೀಬೋರ್ಡಿಗೆ ಕೈಹಾಕಿದ. "ಮೊದಲ ದಿನ ಇದರಿಂದ್ಲೇ ತಾನೆ ಕಟ್ಟಿದ್ದು? ಇದನ್ನೇ ಕುಟ್ತೀನಿ."

"ಅದು ಹೊಸದಾಗಿ ಕಟ್ಟೋದು. ಒಳಗಿರೋದು ಒಂದೂ ಕೈಗೆ ಸಿಗಲ್ಲ."

ಹೇಳಿದ ಸೊಳ್ಳೆಯ ಕಣ್ಣು ಆ ಚೀಟಿಗೇ ಅಂಟಿಕೊಂಡಿತು. ಅಷ್ಟರಲ್ಲಿ ಕೋಚ್ ಟೈಪು ಮಾಡತೊಡಗಿದ್ದ. ಸೊಳ್ಳೆ ಅವನ ಮೇಲೆ ಎಗರಿದ. ಮೊಣಕೈ ಏಟಿಗೆ ಮೂಗಿನಿಂದ ರಕ್ತ ಚಿಮ್ಮಿತು. ಕುರ್ಚಿ ಮುರಿಯಿತು. ಕೊನೆಗೆ ಸೊಳ್ಳೆ ಬಾಕ್ಸಿಂಗಿನ ಸಕಲ ನಿಯಮಗಳನ್ನೂ ಗಾಳಿಗೆ ತೂರಿ ಕೋಚನ ಮಣಿಕಟ್ಟಿಗೆ ಹಲ್ಲು ನೆಟ್ಟ. ಚೀಟಿ ಕೆಳಗೆ ಬೀಳುವವರೆಗೆ ಬಿಡಲಿಲ್ಲ.

ಆಮೇಲೆ ಮೂಗಿಗೆ ಹತ್ತಿ ತುರುಕಿಕೊಂಡು ಮೂರ್ಛೆಯವನನ್ನು ಹೊರಗಿಟ್ಟ. ಮಿಕ್ಕಿಬ್ಬರನ್ನು ಹೆಸರು ಹಿಡಿದು ಕರೆದು, ಬಲವಂತವಾಗಿ ಎಬ್ಬಿಸಿದ. ಓದಲಷ್ಟೇ ಬಿಟ್ಟ, ಬರೆಯಲು ಬಿಡಲಿಲ್ಲ. ಕೂಟ ಎದ್ದು ನಿಂತಿತು.

ಹನ್ನೊಂದಕ್ಕೆ ಸಂಘದವರು ನೋಡಿದ್ದು ಇಷ್ಟು: ಗಂಟೆಯಾಗಿದೆ, ಹುಡುಗಿ ಕೈ ಇಳಿಸಿದ್ದಾಳೆ. ಬೀರು ಸ್ಟೂಲು ಎತ್ತಿಕೊಂಡು ಅವಳತ್ತ ಬರುತ್ತಿದೆ. ಹಗ್ಗದ ಕೆಳಗಿನಿಂದ ಚಪ್ಪಲಿ ಕಾಲಿನ ಒಂದು ನರಪೇತಲ ಆಕೃತಿ ನುಸುಳಿ, ಕಣ್ಣು ಮುಚ್ಚಿಕೊಂಡು, ಬಲಗೈ ಬೀಸುತ್ತದೆ. ಬೀರು ನೆಟ್ಟಗೆ ಉರುಳುತ್ತದೆ.

ಹುಡುಗಿ ಖುಲಾಸೆಯಾದಳು. ಸೊಳ್ಳೆ ಎರಡು ವರ್ಷ ಕಣದ ಹತ್ತಿರ ಸುಳಿಯಬಾರದೆಂದು ಆದೇಶವಾಯಿತು.

ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡಿದ್ದ ಕೋಚ್ ಹೊರಗೆ ಬಂದು ಗೊಣಗಿದ, "ನಾನು ಅಳಿಸೋಕೆ ಹೋದಾಗ ನೀನು ಸುಮ್ನಿದ್ದಿದ್ರೆ ಉಳ್ಕೊತಿದ್ದೆ ಅಲ್ವೇನೋ?"

"ಉಳ್ಕೊತಿದ್ದೆ," ಎಂದ ಸೊಳ್ಳೆ. "ಇವಳು ಹೋಗ್ತಿದ್ಲು."

ಆದೇಶದ ಪ್ರತಿ ಈಗ ಚೀಟಿಯಿದ್ದ ಜಾಗದಲ್ಲಿ ಅಂಟಿಕೊಂಡಿದೆ. ಅದರ ವಿರುದ್ಧ ಸೊಳ್ಳೆ ಮೇಲ್ಮನವಿಯನ್ನೂ ಹಾಕಿದ್ದಾನೆ. ಶಿಕ್ಷೆಯ ಬಗ್ಗೆ ಅವನ ತಕರಾರಿಲ್ಲ. 'ದವಡೆ ಮುರಿದದ್ದಕ್ಕಾಗಿ' ಎಂಬುದಕ್ಕೆ ಮುಂಚೆ 'ಒಂದೇ ಏಟಿಗೆ' ಎಂದು ಸೇರಿಸಬೇಕಂತೆ.