ಮೊದಲ ಎಲೆಗೆ ಕೂತವರು

ನಮ್ಮ ಡಾಕ್ಟರಬಾಯಿ ಸೋಫಾದ ಮೇಲೆ ಕೂತರೆ ಅವರ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಅಷ್ಟು ಗಿಡ್ಡ. ಬೆಂಚಿನ ಮೇಲೆ ಕೂತ ಶಾಲೆ ಹುಡುಗಿಯ ಹಾಗೆ ಪಾದ ಆಡಿಸುತ್ತ, ಮಡಿಲಲ್ಲಿ ಚುರುಮುರಿಯ ಬಟ್ಟಲು ಇಟ್ಟುಕೊಂಡು, ಟಿವಿಯಲ್ಲಿ ಹೆಣ ಕೊಯ್ಯುವುದನ್ನು ನೋಡುತ್ತಿದ್ದರು. ಸರಕಾರಿ ನೌಕರಿಯಲ್ಲಿದ್ದಾಗ ಶವಪರೀಕ್ಷೆಯ ಮೇಜು ಎತ್ತರವಾಯಿತೆಂದು ಮನೆಯಿಂದ ಊಟದ ಮಣೆ ಒಯ್ದು, ಅದರ ಮೇಲೆ ನಿಂತು ಕೆಲಸ ಮಾಡುತ್ತಿದ್ದರಂತೆ. ವರ್ಗವಾದಾಗ ಆ ಮಣೆಯನ್ನು ಏನು ಮಾಡಿದಿರಿ ಎಂದು ಕೇಳಿದ್ದೆ. ಸಾಗವಾನಿ ಮಣೆ, ಬಿಟ್ಟು ಬರಲಾದೀತೇ ಎಂದಿದ್ದರು. ಅಂದಿನಿಂದ ಅವರ ಮನೆಯಲ್ಲಿ ಮಣೆಯ ಮೇಲೆ ಕೂರುವ ಮೊದಲು ನಾನು ಎರಡು ಸಲ ನೋಡುತ್ತಿದ್ದೆ.

ಮದುವೆಯಾಗಿ ಕಾರವಾರಕ್ಕೆ ಬಂದ ಮೇಲೆ ನನ್ನ ಮನೆ ಶಿರವಾಡದಲ್ಲಿ. ಡಾಕ್ಟರಬಾಯಿ ನಿವೃತ್ತರಾಗಿ ನಮ್ಮ ಓಣಿಯಲ್ಲೇ ಮನೆ ಕಟ್ಟಿಸಿದರು. ಮದುವೆಯಾಗಿರಲಿಲ್ಲ. ತಮ್ಮನ ಸಂಸಾರ ಮಡಗಾಂವಿನಲ್ಲಿತ್ತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾನು ಅವರ ಮನೆಗೆ ಹೊರಟರೆ ನನ್ನ ಗಂಡ, "ಹೋದ್ಲು, ಹೆಣ ನೋಡೂಕೆ," ಎಂದು ನಗುತ್ತಿದ್ದರು. ನಗಲಿ ಬಿಡಿ. ನಾನೊಬ್ಬ ಪ್ರಾಥಮಿಕ ಶಾಲೆಯ ಅಕ್ಕೋರು, ವಾರವಿಡೀ ಮಗ್ಗಿ ಬಾಯಿಪಾಠ ಮಾಡಿಸಿದವಳು. ವಾರಕ್ಕೊಂದು ಹೆಣವಾದರೂ ನನಗೆ ಬೇಡವೇ?

ಅದು ಯಾವುದೋ ಹೊರದೇಶದ ಧಾರಾವಾಹಿ. ಅಸಹಜವಾಗಿ ಸತ್ತವರ ಸಾವಿಗೆ ಕಾರಣ ಕಂಡುಹಿಡಿಯುವ ಅಧಿಕಾರಿಯೇ ಅದರ ನಾಯಕಿ. ಅಲ್ಲಿನವರು ಅವಳನ್ನು ಕೊರೋನರ್ ಎನ್ನುತ್ತಾರೆ. ಹಾಡಿಲ್ಲ, ಕುಣಿತವಿಲ್ಲ, ಯಾರ ಮುಖದ ಮೇಲೂ ಸರಿಯಾಗಿ ಬೆಳಕೂ ಬೀಳುವುದಿಲ್ಲ. ಕೊಳೆತ ಗೋಡೆ, ಮಂಜು, ಬಾಯಿ ಬಿಟ್ಟರೆ ಸುಳ್ಳು ಹೇಳುವ ಜನ. ಅವರ ನಡುವೆ ಸುಳ್ಳು ಹೇಳದೆ ಮಲಗಿರುವುದು ಹೆಣ ಒಂದೇ. ಆ ಹೆಂಗಸು ಅದರ ಹತ್ತಿರ ಬಗ್ಗಿದಳೆಂದರೆ ನನ್ನ ಕೈಯ ಚಹಾ ತಣ್ಣಗಾಗುತ್ತಿತ್ತು.

ಡಾಕ್ಟರಬಾಯಿಗೆ ಮಾತ್ರ ಎಲ್ಲದರಲ್ಲೂ ಹುಳುಕು. ಹೆಣದ ವಾಸನೆ ಬಡಿಯಲು ಇವರಿಗೆ ಮೂಗೇ ಇಲ್ಲವಲ್ಲ ಎನ್ನುವರು. ಅಲ್ಲಿ ಬೆಳಿಗ್ಗೆ ಕಳಿಸಿದ ಮಾದರಿಗೆ ಸಂಜೆಗೇ ಪ್ರಯೋಗಾಲಯದ ವರದಿ ಬಂತೆಂದರೆ ಹೊಟ್ಟೆ ಹಿಡಿದುಕೊಂಡು ನಗುವರು. ಆದರೆ ಆ ನಾಯಕಿ ಸತ್ತವರ ಮನೆಯವರ ಎದುರು ಕೂತು ಕಾರಣ ಹೇಳುವ ಹೊತ್ತಿಗೆ ಚುರುಮುರಿ ನಿಲ್ಲುತ್ತಿತ್ತು, ಆಡುವ ಕಾಲೂ ನಿಲ್ಲುತ್ತಿತ್ತು. "ಇದೊಂದು ಖರೆ," ಎನ್ನುತ್ತಿದ್ದರು.

ಒಂದು ಭಾನುವಾರದ ಕಂತಿನಲ್ಲಿ, ಗಂಡನಿಗೆ ವಿಷವಿಕ್ಕಿದಳೆಂದು ಒಬ್ಬ ಹೆಂಗಸಿನ ಮೇಲೆ ಅನುಮಾನ. ಕೊನೆಗೆ ಕೊರೋನರ್ ವರದಿ ಓದುತ್ತಾಳೆ: ಸಹಜ ಸಾವು. ಹೆಂಗಸು ಬಿಸಿಲಿಗೆ ಬರುತ್ತಾಳೆ, ಕಥೆ ಮುಗಿಯುತ್ತದೆ. ಡಾಕ್ಟರಬಾಯಿ ಟಿವಿ ಆರಿಸಿ ನನ್ನ ಕಡೆ ತಿರುಗಿದರು.

"ಕಾಗದ ಓದಿದ ಕೂಡ್ಲೆ ಊರು ಸುಮ್ನಾಯ್ತಾ? ನೀನೇ ಹೇಳು ಮಾರಾಯ್ತಿ."

ನಾನು ಆ ಧಾರಾವಾಹಿಗೆ ಅಂಟಿಕೊಂಡದ್ದು ಯಾಕೆಂದು ಅವರಿಗೆ ಗೊತ್ತಿತ್ತು. ನನ್ನ ಅಪ್ಪನನ್ನು ಕೊಯ್ದು ನೋಡಿದವರು ಅವರೇ.

ನಾನಾಗ ಹೈಸ್ಕೂಲಿಗೆ ಹೋಗುತ್ತಿದ್ದೆ. ಅಂಕೋಲೆಯ ಪಕ್ಕ ಬೊಬ್ರುವಾಡದಲ್ಲಿ ನಮ್ಮ ಮನೆ. ಅಪ್ಪ ಗದ್ದೆ ಕೆಲಸ ಮುಗಿಸಿ ಬಂದು, ನನ್ನ ಅಮ್ಮ, ನಮ್ಮ ಕಡೆಯ ಮಾತಲ್ಲಿ ಆಯಿ, ಬಡಿಸಿದ್ದನ್ನು ಉಂಡು, ಕೈ ತೊಳೆಯಲು ಅಂಗಳಕ್ಕೆ ಹೋದವನು ಅಲ್ಲೇ ಬಿದ್ದ. ಗಟ್ಟಿ ಆಳು, ಒಂದು ದಿನ ಜ್ವರ ಅಂತ ಮಲಗಿದವನಲ್ಲ. ಆಯಿ ಬೇರೆ ಊರಿನಿಂದ ಬಂದವಳು, ಅತ್ತೆಮನೆಯವರೊಡನೆ ಮೊದಲಿಂದಲೂ ಅಷ್ಟಕ್ಕಷ್ಟೇ. ಮದ್ದು ಹಾಕಿದ್ದಾಳೆ ಎಂಬ ಮಾತು ಹೆಣ ಏಳುವ ಮೊದಲೇ ಎದ್ದಿತು.

ಮದ್ದು ಎಂದರೆ ನಮ್ಮ ಕಡೆ ಬರೀ ವಿಷವಲ್ಲ. ಅನ್ನದಲ್ಲಿ ಕಲಸಿ ಕೊಡುವ ಮಾಟ. ಯಾರ ಕಣ್ಣಿಗೂ ಬೀಳುವುದಿಲ್ಲ, ಯಾವ ಪರೀಕ್ಷೆಗೂ ಸಿಗುವುದಿಲ್ಲ. ಮದ್ದು ಹಾಕುವ ಮನೆ ಎಂದು ಒಮ್ಮೆ ಹೆಸರು ಬಿದ್ದರೆ ತೀರಿತು. ಆ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ, ಆ ಮನೆಯ ಹುಡುಗಿಯನ್ನು ಯಾರೂ ಸೊಸೆಯಾಗಿ ತರುವುದಿಲ್ಲ.

ದೊಡ್ಡಪ್ಪ ಪೊಲೀಸರಿಗೆ ಹೇಳಿದ. ಅಪ್ಪನ ಹೆಣ ಆಸ್ಪತ್ರೆಗೆ ಹೋಯಿತು. ಒಳಗಿನ ಕೆಲಸ ಮುಗಿಸಿ ಬಂದ ಡಾಕ್ಟರಬಾಯಿ ಗಂಡಸರ ಗುಂಪನ್ನು ದಾಟಿ ಸೀದಾ ಆಯಿಯ ಹತ್ತಿರ ಬಂದು ನೆಲದ ಮೇಲೇ ಕೂತರು. ಸತ್ತವರಿಗೆ ಕೊನೆಯ ಅನ್ನ ಬಡಿಸಿದವರಿಗೆ ಮೊದಲು ಹೇಳಬೇಕು ಎಂಬುದು ಅವರ ನೇಮ. ಅಪ್ಪನ ಎದೆಯ ರಕ್ತನಾಳ ಕಟ್ಟಿಹೋಗಿತ್ತು, ಅನ್ನದಿಂದ ಆದದ್ದಲ್ಲ ಎಂದರು. ದೊಡ್ಡಪ್ಪ ಒಪ್ಪಲಿಲ್ಲ. ನೀವು ಏನು ಬರೆದರೂ ಮದ್ದು ನಿಮ್ಮ ಕತ್ತರಿಗೆ ಸಿಗುವಂಥದ್ದಲ್ಲ, ಆ ಮನೆಯಲ್ಲಿ ಇನ್ನು ಯಾರೂ ಉಣ್ಣುವುದಿಲ್ಲ ಎಂದ. ಡಾಕ್ಟರಬಾಯಿ ವಾದಿಸಲಿಲ್ಲ. ಹನ್ನೆರಡನೆಯ ದಿನದ ಊಟ ಯಾವತ್ತು ಎಂದಷ್ಟೇ ಕೇಳಿದರು.

ಆ ದಿನ ಅಡುಗೆಗೆ ಕೈ ಹಾಕಲು ಒಬ್ಬ ಹೆಂಗಸೂ ಬರಲಿಲ್ಲ. ಆಯಿಯೇ ಒಲೆ ಹೊತ್ತಿಸಿ ಅನ್ನ, ಸಾರು, ಪಾಯಸ ಎಲ್ಲ ಮಾಡಿದಳು. ನಾನು ಎಲೆ ಹಾಕಿದೆ. ಜನವೇನೋ ಬಂದಿದ್ದರು, ಆದರೆ ಬೇಲಿಯ ಹತ್ತಿರ ನಿಂತಿದ್ದರು. ಒಬ್ಬರಿಗೆ ಹೊಟ್ಟೆ ಸರಿಯಿಲ್ಲ, ಇನ್ನೊಬ್ಬರಿಗೆ ಉಪವಾಸ, ಮತ್ತೊಬ್ಬರು ಉಂಡೇ ಬಂದವರು. ಸಾಲಾಗಿ ಹಾಕಿದ ಎಲೆಗಳ ಮೇಲೆ ನೊಣ ಕೂರತೊಡಗಿತು. ಆಯಿ ಸೌಟು ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಗ ರಿಕ್ಷಾ ಬಂದು ನಿಂತಿತು. ಡಾಕ್ಟರಬಾಯಿ ಇಳಿದರು, ಕೊಡೆ ಮಡಚಿದರು, ಚಪ್ಪಲಿ ಬಿಟ್ಟರು, ಮೊದಲ ಎಲೆಗೆ ಹೋಗಿ ಕೂತರು. ದೊಡ್ಡಪ್ಪನೇ ಗಾಬರಿಯಾಗಿ ಓಡಿ ಬಂದ, ಬೇಡ ಬಾಯಿ, ನಿಮಗೇನಾದರೂ ಆದರೆ ಎಂದ.

"ನಾನು ಅವ್ನ ಎದೆ ಒಳಗೆ ನೋಡ್ದೋಳು. ನೀವು ಬೇಲಿ ಹತ್ರ ನಿಂತೋರು," ಎಂದು ಅವರು ಆಯಿಯ ಕಡೆ ತಿರುಗಿದರು. "ಬಡ್ಸು ತಂಗಿ. ಹಸಿವಾಗಿದೆ."

ಊರೆಲ್ಲ ಅವರ ಬಾಯಿಯನ್ನೇ ನೋಡುತ್ತಿತ್ತು. ಸಾರನ್ನದ ನಡುವೆ ಅವರಿಗೆ ಬಿಕ್ಕಳಿಕೆ ಬಂತು ನೋಡಿ, ನನ್ನ ಜೀವ ಬಾಯಿಗೆ ಬಂತು. ಬೇಲಿಯ ಹತ್ತಿರ ಯಾರೋ ದೇವರ ಹೆಸರು ಹೇಳಿದರು. ಡಾಕ್ಟರಬಾಯಿ ನೀರು ಕುಡಿದು, ಮೆಣಸು ಒಂದು ಚೂರು ಜಾಸ್ತಿ ಎಂದರು, ಪಾಯಸ ಎರಡನೆಯ ಸಲ ಹಾಕಿಸಿಕೊಂಡರು. ಉಂಡ ಮೇಲೆ ಹೊರಟುಬಿಡಲಿಲ್ಲ. ಹೋಗಿದ್ದರೆ, ದಾರಿಯಲ್ಲಿ ಏನಾಯಿತೋ ಯಾರಿಗೆ ಗೊತ್ತು ಎಂದು ಜನ ಹೇಳುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಜಗಲಿಯ ಮೇಲೆ ಚಾಪೆ ಹಾಸಿಸಿಕೊಂಡು, ಎಲ್ಲರ ಕಣ್ಣೆದುರು ಒಂದು ನಿದ್ದೆ ತೆಗೆದರು, ಸಣ್ಣಗೆ ಗೊರಕೆ ಸಮೇತ. ಎದ್ದು ಎಲೆಯಡಿಕೆ ಕೇಳಿದರು. ಆಮೇಲೆ ನೆರೆಮನೆಯ ಮುದುಕಿ ಬೇಲಿ ಬಿಟ್ಟು ಬಂದು, ಒಂದು ಎಲೆಯ ಮುಂದೆ ಕೂತಳು. ಅವಳ ಹಿಂದೆ ಇನ್ನಿಬ್ಬರು. ಹೊತ್ತು ಮುಳುಗುವಷ್ಟರಲ್ಲಿ ಪಾತ್ರೆಯ ತಳ ಕಂಡಿತ್ತು. ಕೊನೆಯ ಪಂಕ್ತಿಯಲ್ಲಿ ದೊಡ್ಡಪ್ಪನೂ ಕೂತ, ತಲೆ ತಗ್ಗಿಸಿ ಉಂಡ.

ಇಷ್ಟು ವರ್ಷವಾದರೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಟಿವಿಯ ನಾಯಕಿ ಪಿಸ್ತೂಲಿನ ಎದುರು ನಿಂತದ್ದನ್ನೂ ನೋಡಿದ್ದೇನೆ. ಅದು ನನಗೆ ದೊಡ್ಡದೆನಿಸಲಿಲ್ಲ. ನಿಮಗೆ ಅಂದು ಹೆದರಿಕೆಯಾಗಲಿಲ್ಲವೇ ಎಂದು ಆ ಭಾನುವಾರ ಕೇಳಿದೆ. "ಮದ್ದಿಗಲ್ಲ," ಎಂದರು. "ಆ ದಿನವೇ ನಂಗೆ ಸುಮ್ನೆ ವಾಂತಿಯೋ ಜ್ವರವೋ ಬಂದಿದ್ರೆ ನಿಮ್ಮಾಯಿ ಗತಿ ಏನಾಗ್ತಿತ್ತು? ಅದಕ್ಕೆ ಹೆದರಿದ್ದೆ."

ಹೋದ ವರ್ಷ ಶ್ರಾವಣದಲ್ಲಿ ಡಾಕ್ಟರಬಾಯಿ ನಿದ್ದೆಯಲ್ಲೇ ತೀರಿಕೊಂಡರು. ಸುದ್ದಿ ತಿಳಿದ ಆಯಿ ಬೊಬ್ರುವಾಡದಿಂದ ಸಿಕ್ಕ ಬಸ್ಸು ಹತ್ತಿ ಬಂದಳು. ಅತ್ತಳು, ಮತ್ತೆ ಸೀದಾ ನನ್ನ ಅಡುಗೆಮನೆಗೆ ಹೋದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ನೆರೆಯವರೇ ಬೇಯಿಸಿ ಕೊಡಬೇಕು. ದೊಡ್ಡ ಪಾತ್ರೆ ತುಂಬ ಗಂಜಿ ಮಾಡಿ, ನನ್ನ ಕೈಯಲ್ಲಿ ಹೊರಿಸಿಕೊಂಡು ಹೋಗಿ, ಮಡಗಾಂವಿನಿಂದ ಬಂದ ತಮ್ಮನಿಗೆ, ಮಕ್ಕಳಿಗೆ, ಓಣಿಯವರಿಗೆ ತಾನೇ ಬಡಿಸಿದಳು. ಅಪರಿಚಿತ ಮುದುಕಿಯ ಕೈಯಿಂದ ಅವರೆಲ್ಲ ಬಟ್ಟಲು ತೆಗೆದುಕೊಂಡರು. ಯಾರೂ ಒಂದು ಗಳಿಗೆಯೂ ಯೋಚಿಸಲಿಲ್ಲ. ಕೆಲವರು ಇನ್ನೊಂದು ಸೌಟು ಕೇಳಿದರು.